ಗಣಿತಜ್ಞನ ಮಗ ಬರೆದ ‘ಪೀಟರ್ಸ್‌ಬರ್ಗ್’

ಇಪ್ಪತ್ತನೇ ಶತಮಾನದ ಶ್ರೇಷ್ಠ ಗದ್ಯಕೃತಿಗಳು ಯಾವುವು? 1965ರಲ್ಲಿ ಅಮೆರಿಕದ ಟಿ.ವಿ. ಸಂದರ್ಶನವೊಂದರಲ್ಲಿ ಕಾದಂಬರಿಕಾರ ವ್ಲಾದಿಮಿರ್ ನಬಕೋವ್ ನಾಲ್ವರನ್ನು ಹೆಸರಿಸಿದರು. ಜೇಮ್ಸ್ ಜಾಯ್ಸ್, ಫ್ರಾನ್ಜ್ ಕಾಫ್ಕಾ ಮತ್ತು ಮಾರ್ಸೆಲ್ ಪ್ರೂಸ್ತ್ ಜಗತ್ತಿಗೆಲ್ಲ ಪರಿಚಿತರೇ. ಅವರ ನಡುವೆ ಮೂರನೆಯ ಸ್ಥಾನ ಪಡೆದದ್ದು ಆಂದ್ರೇಯ್ ಬೆಲಿ ಅವರ ‘ಪೀಟರ್ಸ್‌ಬರ್ಗ್’. ರಷ್ಯಾದ ಹೊರಗೆ ಆಗ ಈ ಹೆಸರು ಕೇಳಿದ್ದವರೇ ವಿರಳ.

ಬೆಲಿ ರಷ್ಯಾದ ಸಂಕೇತವಾದಿ ಪಂಥದ ಕವಿ, ಕಾದಂಬರಿಕಾರ, ವಿಮರ್ಶಕ. ಕಣ್ಣಿಗೆ ಕಾಣುವ ಜಗತ್ತು ಕಾಣದ ಇನ್ನೊಂದು ಸತ್ಯದ ಸಂಕೇತ ಮಾತ್ರ ಎಂಬುದು ಆ ಪಂಥದ ನಂಬಿಕೆ. ಅವರ ಮೇರುಕೃತಿಗೆ ಪೀಟರ್ಸ್‌ಬರ್ಗ್ ನಗರದ ಹೆಸರಿದ್ದರೂ ಅದರ ಬೀಜ ಬಿದ್ದದ್ದು ಮಾಸ್ಕೋದ ಅರ್ಬಾತ್ ಬೀದಿಯ ಮನೆಯೊಂದರಲ್ಲಿ.

ತಂದೆಯ ಅಂಕಿ, ತಾಯಿಯ ಪಿಯಾನೊ

ಬೆಲಿ ಹುಟ್ಟಿದ್ದು 1880ರ ಅಕ್ಟೋಬರ್ 26ರಂದು. ಹುಟ್ಟುಹೆಸರು ಬೊರಿಸ್ ಬುಗಾಯೆವ್. ತಂದೆ ನಿಕೊಲಾಯ್ ಬುಗಾಯೆವ್ ಮಾಸ್ಕೋ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು, ಹೆಸರಾಂತ ಗಣಿತಜ್ಞರು. ತಾಯಿ ಅಲೆಕ್ಸಾಂದ್ರಾ ಸಂಗೀತಪ್ರಿಯೆ, ಪಿಯಾನೊ ನುಡಿಸುತ್ತಿದ್ದ ಸುಂದರಿ. ದಂಪತಿಗಳ ನಡುವೆ ವಯಸ್ಸಿನಲ್ಲೂ ಸ್ವಭಾವದಲ್ಲೂ ಅಜಗಜಾಂತರ. ಮಗನಿಗೆ ವಿಜ್ಞಾನ ಕಲಿಸಬೇಕೆಂಬುದು ತಂದೆಯ ಆಸೆ. ಮನೆಯಲ್ಲಿ ಇನ್ನೊಬ್ಬ ಗಣಿತಜ್ಞ ಬೆಳೆಯಕೂಡದೆಂಬುದು ತಾಯಿಯ ಹಟ. ಒಬ್ಬರನ್ನು ಮೆಚ್ಚಿಸಿದರೆ ಇನ್ನೊಬ್ಬರಿಗೆ ದ್ರೋಹ ಬಗೆದಂತೆ ಎಂಬ ಭಯದಲ್ಲೇ ಬಾಲಕ ಬೆಳೆದ. ಮುಂದೆ ಬರೆದ ಆತ್ಮಕಥನದಲ್ಲೂ ಕಾದಂಬರಿಗಳಲ್ಲೂ ಈ ಭಯ ಮತ್ತೆ ಮತ್ತೆ ತಲೆ ಎತ್ತುತ್ತದೆ.

ತಂದೆಯ ಇಚ್ಛೆಯಂತೆ ಅವರು ವಿಶ್ವವಿದ್ಯಾಲಯದಲ್ಲಿ ನಿಸರ್ಗ ವಿಜ್ಞಾನ ಓದಿದರು. ಆದರೆ ಓದು ಮುಗಿಯುವ ಮೊದಲೇ, 1902ರಲ್ಲಿ, ಸಂಗೀತದ ಸಿಂಫನಿಯ ಮಾದರಿಯಲ್ಲಿ ರಚಿಸಿದ ಗದ್ಯಕೃತಿಯೊಂದನ್ನು ಪ್ರಕಟಿಸಿದರು. ಪ್ರಾಧ್ಯಾಪಕರ ಮಗ ಇಂಥದ್ದನ್ನು ಬರೆದನೆಂಬ ಸುದ್ದಿ ತಂದೆಗೆ ಮುಜುಗರ ತರಬಾರದೆಂದು ಕಾವ್ಯನಾಮದ ಮೊರೆ ಹೊಕ್ಕರು. ತತ್ವಜ್ಞಾನಿ ವ್ಲಾದಿಮಿರ್ ಸೊಲೊವ್ಯೋವ್ ಅವರ ಸಹೋದರ ಮಿಖಾಯಿಲ್ ಸೂಚಿಸಿದ ಹೆಸರು ಆಂದ್ರೇಯ್ ಬೆಲಿ. ರಷ್ಯನ್ ಭಾಷೆಯಲ್ಲಿ ‘ಬೆಲಿ’ ಎಂದರೆ ಬಿಳಿ. ಮರುವರ್ಷವೇ ತಂದೆ ತೀರಿಕೊಂಡರು.

ಗೆಳೆತನ, ಪ್ರೇಮ, ದ್ವಂದ್ವಯುದ್ಧ

ಕವಿ ಅಲೆಕ್ಸಾಂದರ್ ಬ್ಲೋಕ್ ಮತ್ತು ಬೆಲಿ ಆಪ್ತ ಮಿತ್ರರು. ಆದರೆ ಬ್ಲೋಕ್ ಪತ್ನಿ ಲ್ಯುಬೊವ್ ಅವರಲ್ಲಿ ಬೆಲಿ ಅನುರಕ್ತರಾದರು. ಆಕೆ ರಸಾಯನ ವಿಜ್ಞಾನಿ ಮೆಂಡಲೀವ್ ಅವರ ಪುತ್ರಿ. 1906ರಲ್ಲಿ ಗೆಳೆಯನನ್ನೇ ದ್ವಂದ್ವಯುದ್ಧಕ್ಕೆ ಆಹ್ವಾನಿಸುವವರೆಗೂ ವಿಷಯ ಬೆಳೆಯಿತು. ಕಾದಾಟ ನಡೆಯಲಿಲ್ಲ. ಲ್ಯುಬೊವ್ ಗಂಡನನ್ನು ತೊರೆದು ಬರಲೂ ಇಲ್ಲ. ಬೆಲಿ ಮಾತ್ರ ಜರ್ಜರಿತರಾದರು.

ಇದೇ ವರ್ಷಗಳಲ್ಲಿ ರಷ್ಯಾವೂ ಹೊತ್ತಿ ಉರಿಯುತ್ತಿತ್ತು. 1905ರ ಜನವರಿಯಲ್ಲಿ ನಿರಾಯುಧ ಕಾರ್ಮಿಕರ ಮೇಲೆ ಸೈನಿಕರು ಗುಂಡು ಹಾರಿಸಿದ ದಿನವೇ ಬೆಲಿ ಪೀಟರ್ಸ್‌ಬರ್ಗಿಗೆ ಬಂದಿಳಿದಿದ್ದರು. ಕ್ರಾಂತಿಕಾರಿ ಪಕ್ಷದೊಳಗಿದ್ದುಕೊಂಡೇ ಪೊಲೀಸರಿಗೆ ಗುಟ್ಟು ಮಾರುತ್ತಿದ್ದ ಅಜೆಫ್ ಎಂಬಾತನ ಬಣ್ಣ 1908ರಲ್ಲಿ ಬಯಲಾದಾಗ ದೇಶವೇ ದಿಗ್ಭ್ರಮೆಗೊಂಡಿತು. ಕಾದಂಬರಿಗೆ ಬೇಕಾದ ಸಾಮಗ್ರಿಯೆಲ್ಲ ಹೀಗೆ ಒಟ್ಟುಗೂಡಿತು.

ಡಬ್ಬಿಯೊಳಗಿನ ಬಾಂಬು

1911ರಲ್ಲಿ ‘ರುಸ್ಕಯಾ ಮಿಸ್ಲ್’ ಪತ್ರಿಕೆಗಾಗಿ ಬೆಲಿ ಬರೆಯತೊಡಗಿದರು. ಕೈಯಲ್ಲಿ ಕಾಸಿರಲಿಲ್ಲ. ಆಗ 500 ರೂಬಲ್ ಕಳುಹಿಸಿ ನೆರವಾದವರು ಅದೇ ಬ್ಲೋಕ್! ಆದರೆ ಹಸ್ತಪ್ರತಿ ಓದಿದ ಸಂಪಾದಕ ಪ್ಯೋತರ್ ಸ್ತ್ರೂವೆ ಅದನ್ನು ತಿರಸ್ಕರಿಸಿದರು. ಕೊನೆಗೆ 1913-14ರಲ್ಲಿ ‘ಸಿರಿನ್’ ಸಂಕಲನಗಳಲ್ಲಿ ಅದು ಬೆಳಕು ಕಂಡಿತು.

ಕಥೆ ನಡೆಯುವುದು 1905ರ ಶರತ್ಕಾಲದಲ್ಲಿ. ಅಪೊಲ್ಲೋನ್ ಅಬ್ಲೆಯುಖೊವ್ ಉನ್ನತ ಪದವಿಯಲ್ಲಿರುವ ಸೆನೆಟರ್. ನೇರ ಗೆರೆ, ಚೌಕ, ಘನಾಕೃತಿಗಳೆಂದರೆ ಅವನಿಗೆ ಪ್ರಾಣ. ನದಿಯಾಚೆಯ ದ್ವೀಪಗಳಲ್ಲಿ ನೆಲೆಸಿದ ಬಡಜನರೆಂದರೆ ಭಯ. ಅವನ ಮಗ ನಿಕೊಲಾಯ್ ದುಡುಕಿ ಕ್ರಾಂತಿಕಾರಿಗಳಿಗೆ ಮಾತು ಕೊಟ್ಟಿದ್ದಾನೆ. ಈಗ ಅವರು ಸಾರ್ಡೀನ್ ಮೀನಿನ ಡಬ್ಬಿಯಲ್ಲಿ ಟೈಂಬಾಂಬ್ ಇಟ್ಟು, ತಂದೆಯನ್ನೇ ಕೊಲ್ಲುವಂತೆ ಆಜ್ಞಾಪಿಸುತ್ತಾರೆ. ಮಗ ಕೀಲಿ ತಿರುಗಿಸುತ್ತಾನೆ. ಮನಸ್ಸು ಬದಲಾಗಿ ಹುಡುಕುವಾಗ ಡಬ್ಬಿ ಮಾಯ. ಅದೇನೆಂದು ತಿಳಿಯದ ತಂದೆ ಅದನ್ನು ತನ್ನ ಕೋಣೆಗೆ ಒಯ್ದಿರುತ್ತಾನೆ. ಬಾಂಬು ಸಿಡಿಯುತ್ತದೆ, ಯಾರೂ ಸಾಯುವುದಿಲ್ಲ. ಆದರೆ ತಂದೆ-ಮಗನ ನಡುವಿನ ಕೊನೆಯ ಎಳೆ ಕಡಿದುಹೋಗುತ್ತದೆ. ಪರದೇಶ ಸೇರಿದ ಮಗ ತಾಯ್ನಾಡಿಗೆ ಮರಳುವುದು ತಂದೆಯ ಮರಣದ ಬಳಿಕವೇ.

ಸೆನೆಟರನಲ್ಲಿ ಅಂದಿನ ಪ್ರಭಾವಿ ಅಧಿಕಾರಿ ಪೊಬೆದೊನೊಸ್ತ್ಸೆವ್ ಅವರ ಛಾಯೆಯಿದೆ. ಅದಕ್ಕಿಂತ ಗಾಢವಾಗಿ ಗಣಿತಜ್ಞ ಬುಗಾಯೆವ್ ಅವರ ನೆರಳಿದೆ. ತಂದೆಯನ್ನು ದ್ವೇಷಿಸುತ್ತಲೇ ಅವನಿಗಾಗಿ ಮರುಗುವ ಮಗನ ಸಂಕಟ ಕಾದಂಬರಿಯ ಜೀವನಾಡಿ.

ನವ್ಯತೆಯ ಹೊಸ್ತಿಲಲ್ಲಿ

ಕಥೆಗಿಂತ ಹೊಸದು ಅದನ್ನು ಹೇಳಿದ ಬಗೆ. ಹಳದಿ ಮಂಜು ಕವಿದ ನಗರವೇ ಇಲ್ಲಿ ಪ್ರಧಾನ ಪಾತ್ರ. ಘಟನೆ ಹೊರಗೆ ನಡೆಯಿತೋ ಪಾತ್ರದ ಮಿದುಳಿನೊಳಗೆ ನಡೆಯಿತೋ ಹೇಳುವುದು ಕಷ್ಟ. ಪೀಟರ್ ಚಕ್ರವರ್ತಿಯ ಕಂಚಿನ ಪ್ರತಿಮೆ ಕುದುರೆಯಿಂದಿಳಿದು ಮನೆಯ ಮೆಟ್ಟಿಲೇರುತ್ತದೆ. ವಾಕ್ಯಗಳಲ್ಲಿ ಛಂದಸ್ಸಿನ ಲಯ ಮಿಡಿಯುತ್ತದೆ. ‘ಯುಲಿಸಿಸ್’ ಪುಸ್ತಕವಾಗಿ ಬಂದದ್ದು 1922ರಲ್ಲಿ ಎಂಬುದನ್ನು ನೆನೆದರೆ ಬೆಲಿ ಅವರ ಸಾಧನೆಯ ಅಳತೆ ಸಿಗುತ್ತದೆ. ಯುರೋಪಿನ ನವ್ಯ ಕಾದಂಬರಿ ರೂಪುಗೊಳ್ಳುತ್ತಿದ್ದಾಗ ಅವರು ಯಾರ ಹಿಂದೆಯೂ ನಡೆಯುತ್ತಿರಲಿಲ್ಲ.

ಲಯವನ್ನು ಅವರು ಕಿವಿಯಿಂದಷ್ಟೇ ಅಳೆದವರಲ್ಲ. 1910ರ ‘ಸಂಕೇತವಾದ’ ಎಂಬ ಗ್ರಂಥದಲ್ಲಿ ರಷ್ಯನ್ ಕವಿಗಳ ಸಾಲುಗಳಲ್ಲಿ ಒತ್ತು ಎಲ್ಲಿ ತಪ್ಪುತ್ತದೆಂದು ಎಣಿಸಿ, ಆ ಬಿಂದುಗಳನ್ನು ಜೋಡಿಸಿ ರೇಖಾಕೃತಿಗಳನ್ನು ಬರೆದಿದ್ದರು. ತಂದೆಯ ಲೆಕ್ಕ, ತಾಯಿಯ ಸಂಗೀತ ಎರಡೂ ಒಂದೇ ಹಾಳೆಯ ಮೇಲೆ ಜತೆಯಾದವು. ಅರ್ಬಾತಿನ ಮನೆಯಲ್ಲಿ ಆಗದಿದ್ದ ಸಂಧಾನ ಮಗನ ಬರವಣಿಗೆಯಲ್ಲಿ ಆಯಿತು.

ಮರಳಿ ಬಂದ ಹೆಸರು

1912ರಲ್ಲಿ ರುಡಾಲ್ಫ್ ಸ್ಟೈನರ್ ಅವರ ಪ್ರಭಾವಕ್ಕೆ ಒಳಗಾದ ಬೆಲಿ, ಮಹಾಯುದ್ಧದ ವೇಳೆ ಸ್ವಿಟ್ಜರ್‌ಲೆಂಡಿನ ಡೋರ್ನಾಕ್‌ನಲ್ಲಿ ಗುರುವಿನ ಸಭಾಮಂದಿರದ ನಿರ್ಮಾಣಕ್ಕೆ ಕೈಜೋಡಿಸಿದರು. 1916ರಲ್ಲಿ ರಷ್ಯಾಕ್ಕೆ ಮರಳಿದರು. ಕ್ರಾಂತಿಯ ನಂತರ ಎರಡು ವರ್ಷ ಬರ್ಲಿನ್‌ನಲ್ಲಿದ್ದು, 1922ರಲ್ಲಿ ಕಾದಂಬರಿಯನ್ನು ಬಹುವಾಗಿ ಕತ್ತರಿಸಿ ಮತ್ತೆ ಪ್ರಕಟಿಸಿದರು. ಮೂಲವೋ ಪರಿಷ್ಕೃತವೋ, ಯಾವುದು ಮಿಗಿಲೆಂಬ ಚರ್ಚೆಗೆ ಅಂದಿನಿಂದ ಕೊನೆಯಿಲ್ಲ.

1923ರಲ್ಲಿ ಸ್ವದೇಶಕ್ಕೆ ಬಂದವರನ್ನು ಸ್ವಾಗತಿಸಿದ್ದು ಅನುಮಾನ. ಅವರು ಕಳೆದ ಕಾಲಕ್ಕೆ ಸೇರಿದ ಲೇಖಕರೆಂದು ಟ್ರಾಟ್‌ಸ್ಕಿ ಆಗಲೇ ಷರಾ ಬರೆದಾಗಿತ್ತು. 1931ರಲ್ಲಿ ಸಂಗಾತಿ ಕ್ಲಾವ್ದಿಯಾ ಬಂಧಿತರಾದರು. ಬಿಡುಗಡೆಯ ಬಳಿಕ ಇಬ್ಬರೂ ವಿವಾಹವಾದರು. 1933ರ ಬೇಸಿಗೆಯಲ್ಲಿ ಕ್ರಿಮಿಯಾದ ಕೊಕ್ತೆಬೆಲ್‌ನಲ್ಲಿ ಬಿಸಿಲಾಘಾತಕ್ಕೆ ತುತ್ತಾದ ಬೆಲಿ ಮತ್ತೆ ಚೇತರಿಸಿಕೊಳ್ಳಲಿಲ್ಲ. 1934ರ ಜನವರಿ 8ರಂದು ಮಾಸ್ಕೋದಲ್ಲಿ ಕಣ್ಮುಚ್ಚಿದಾಗ ವಯಸ್ಸು 53.

ಬಳಿಕ ಸೋವಿಯತ್ ಓದುಗರಿಗೆ ದಶಕಗಳ ಕಾಲ ‘ಪೀಟರ್ಸ್‌ಬರ್ಗ್’ ಕೈಗೆಟುಕದ ಪುಸ್ತಕವಾಯಿತು. ಇಂಗ್ಲಿಷ್ ಅನುವಾದ ಬಂದದ್ದೇ 1959ರಲ್ಲಿ. ಮೂಲ ಪಾಠದ ವಿದ್ವತ್ ಆವೃತ್ತಿ ರಷ್ಯಾದಲ್ಲಿ ಹೊರಬಂದದ್ದು 1981ರಲ್ಲಿ. ಇನ್ನು ನಗರದ ಮಾತು: 1916ರಲ್ಲಿ ಕಾದಂಬರಿ ಪುಸ್ತಕರೂಪ ತಾಳುವ ವೇಳೆಗೆ ಪೀಟರ್ಸ್‌ಬರ್ಗ್ ಪೆತ್ರೊಗ್ರಾದ್ ಆಗಿತ್ತು. ಮುಂದೆ ಅದು ಲೆನಿನ್‌ಗ್ರಾದ್ ಆಯಿತು. 1991ರಲ್ಲಿ ಹಳೆಯ ಹೆಸರು ಮರಳುವವರೆಗೆ, ಆ ಹೆಸರಿನ ನಗರವನ್ನು ಕಾಣಬಯಸಿದವರಿಗೆ ಉಳಿದಿದ್ದ ವಿಳಾಸಗಳಲ್ಲಿ ಬೆಲಿ ಅವರ ಕಾದಂಬರಿಯೂ ಒಂದು.