ವರ್ಣಲೋಹದ ಶೋಧಕ ವೋಕ್ಲೆಂ

ಕಬ್ಬಿಣಕ್ಕೆ ಮೊದಲು ಬಳಿಯುವ ತಳಲೇಪವು ಅಲಂಕಾರಕ್ಕಾಗಿ ಅಲ್ಲ. ಅದರೊಳಗಿನ ಖನಿಜವರ್ಣವು ತುಕ್ಕನ್ನು ತಡೆಯುತ್ತದೆ. ಇಂತಹ ಲೇಪಗಳಲ್ಲಿ ಬಹುಕಾಲ ಅಗ್ರಸ್ಥಾನ ಪಡೆದಿದ್ದ ಕ್ರೋಮೇಟುಗಳಿಗೆ ಮೂಲವಾದ ಕ್ರೋಮಿಯಂ ಲೋಹವನ್ನು ಲೋಕಕ್ಕೆ ತೋರಿಸಿಕೊಟ್ಟವನು ಫ್ರಾನ್ಸ್ ದೇಶದ ನಿಕೊಲಾ ಲೂಯಿ ವೋಕ್ಲೆಂ.

1763ರ ಮೇ 16ರಂದು ನಾರ್ಮಂಡಿ ಪ್ರಾಂತದ ಒಂದು ಹಳ್ಳಿಯಲ್ಲಿ, ಬಡ ಕುಟುಂಬದಲ್ಲಿ ಈತನ ಜನನವಾಯಿತು. ಹದಿನಾಲ್ಕರ ಹರೆಯದಲ್ಲಿಯೇ ರೂಆಂ ನಗರದ ಔಷಧ ತಯಾರಕನೊಬ್ಬನಲ್ಲಿ ಸಹಾಯಕನಾಗಿ ಸೇರಿದನು. ರಸಾಯನಶಾಸ್ತ್ರದ ರುಚಿ ಹತ್ತಿದುದು ಅಲ್ಲಿಯೇ. ಮುಂದೆ ಪ್ಯಾರಿಸ್ಸಿಗೆ ಬಂದು ಕಷ್ಟದಲ್ಲಿದ್ದವನಿಗೆ ಪ್ರಖ್ಯಾತ ವಿದ್ವಾಂಸನಾದ ಫೂರ್‌ಕ್ರುವಾ 1783ರಲ್ಲಿ ತನ್ನ ಪ್ರಯೋಗಶಾಲೆಯಲ್ಲಿ ಆಶ್ರಯವಿತ್ತನು. ಆ ಆಶ್ರಯವು ದೊರೆಯದಿದ್ದಲ್ಲಿ ಈ ಪ್ರತಿಭೆಯು ಅಂಗಡಿಯ ಮೂಲೆಯಲ್ಲಿಯೇ ಕಮರಿಹೋಗುತ್ತಿತ್ತೇನೊ!

ಸೈಬೀರಿಯದ ಕೆಂಪು ಸೀಸವೆಂದು ಹೆಸರಾದ ಅದಿರೊಂದನ್ನು ವೋಕ್ಲೆಂ 1789ರಲ್ಲಿಯೇ ಪರೀಕ್ಷಿಸಿದ್ದನು. ಆದರೆ ಅದರೊಳಗಿನ ಹೊಸತು ಅಂದು ಅವನ ಕಣ್ಣಿಗೆ ಬೀಳಲಿಲ್ಲ. 1797ರಲ್ಲಿ ಅದನ್ನೇ ಮತ್ತೆ ಕೈಗೆತ್ತಿಕೊಂಡು ಪೊಟ್ಯಾಸಿಯಂ ಕಾರ್ಬೊನೇಟಿನೊಡನೆ ಕುದಿಸಿದಾಗ ಹಳದಿ ದ್ರಾವಣವೊಂದು ದೊರೆಯಿತು. ಅದಕ್ಕೆ ಪಾದರಸದ ಲವಣ ಬೆರೆಸಿದರೆ ಕೆಂಪು, ಸೀಸದ ಲವಣ ಬೆರೆಸಿದರೆ ಹೊಳೆಯುವ ಹಳದಿ, ತವರದ ಲವಣ ಬೆರೆಸಿದರೆ ಹಸುರು! ಕೊನೆಗೆ ಅದರ ಆಕ್ಸೈಡನ್ನು ಇದ್ದಲಿನೊಡನೆ ಮೂಸೆಯಲ್ಲಿ ತೀವ್ರವಾಗಿ ಕಾಯಿಸಿ ಬೂದುಬಣ್ಣದ ಲೋಹವನ್ನು ಪಡೆದನು. ಇಷ್ಟೊಂದು ಬಣ್ಣಗಳ ತಾಯಿಯಾದ ಇದಕ್ಕೆ ಗ್ರೀಕ್ ಭಾಷೆಯಲ್ಲಿ ವರ್ಣವೆಂಬ ಅರ್ಥವುಳ್ಳ ಕ್ರೋಮ ಶಬ್ದದಿಂದಲೇ ನಾಮಕರಣವಾಯಿತು. ನಮ್ಮ ಹಾಸನ ಜಿಲ್ಲೆಯ ಬೈರಾಪುರದ ಕ್ರೋಮೈಟ್ ಅದಿರಿನಲ್ಲಿರುವುದೂ ಇದೇ ಲೋಹ.

ಸೀಸದ ಕ್ರೋಮೇಟು ಚಿತ್ರಕಾರರ ಹಳದಿಯಾಯಿತು. ಸತುವಿನ ಕ್ರೋಮೇಟು ಇಪ್ಪತ್ತನೆಯ ಶತಮಾನದಲ್ಲಿ ಲೋಹರಕ್ಷಕವಾಯಿತು. ಲೇಪದೊಳಕ್ಕೆ ತೇವ ಇಳಿದಾಗ ಅದು ಕಿಂಚಿತ್ತಾಗಿ ಕರಗಿ, ಲೋಹದ ಮೈಮೇಲೆ ಅತಿ ತೆಳುವಾದ ಪೊರೆಯನ್ನು ಕಟ್ಟಿ ಸವೆತವನ್ನು ತಡೆಯುತ್ತದೆ. ಎರಡನೆಯ ಮಹಾಯುದ್ಧದ ವಿಮಾನಗಳ ಅಲ್ಯೂಮಿನಿಯಂ ಮೈಗೆ ಇದೇ ರಕ್ಷೆಯಾಗಿತ್ತು. ಆದರೆ ಇದರ ಧೂಳು ಕೆಲಸಗಾರರ ಶ್ವಾಸಕೋಶವನ್ನು ಸೇರಿ ಅರ್ಬುದರೋಗವನ್ನು ತರುವುದೆಂದು ಸಿದ್ಧವಾದ ಮೇಲೆ ಬಳಕೆಯು ಕುಗ್ಗಿ, ಸತುವಿನ ಫಾಸ್ಫೇಟಿನಂತಹ ವರ್ಣಗಳು ಆ ಸ್ಥಾನಕ್ಕೆ ಬಂದಿವೆ. ಈ ದೋಷವನ್ನು ಶೋಧಕನ ತಲೆಗೆ ಕಟ್ಟುವುದು ನ್ಯಾಯವಲ್ಲ, ಮರೆಮಾಚುವುದೂ ಸಲ್ಲದು.

1809ರಲ್ಲಿ ಫೂರ್‌ಕ್ರುವಾ ತೀರಿಕೊಂಡನು. ವೋಕ್ಲೆಂ ಅವನ ಅಧ್ಯಾಪಕಪೀಠಕ್ಕೆ ಉತ್ತರಾಧಿಕಾರಿಯಾದುದಷ್ಟೇ ಅಲ್ಲದೆ, ಗುರುವಿನ ಇಬ್ಬರು ವೃದ್ಧ ಸೋದರಿಯರನ್ನು ತನ್ನ ಮನೆಯಲ್ಲಿಯೇ ಇರಿಸಿಕೊಂಡು ಅವರ ಕೊನೆಯವರೆಗೂ ಪೋಷಿಸಿದನು. ತಾನು ವಿವಾಹವಾಗಲಿಲ್ಲ. 1829ರ ನವೆಂಬರ್ 14ರಂದು, ಹುಟ್ಟಿದ ಹಳ್ಳಿಯಲ್ಲಿಯೇ ಕಣ್ಮುಚ್ಚಿದನು.