ಬೆಳೆ ಅಂದಾಜಿಗೆ ದಾರಿ ತೋರಿದ ಮಹಲನೋಬಿಸ್

ಗೂಗಲ್ ಸುತ್ತಿನ ಹೊಲಗಳಲ್ಲಿ ಬೆಳೆ ಕಟಾವು ಪ್ರಯೋಗ ನಡೆಯುವುದನ್ನು ನೀವು ಕಂಡಿರಬಹುದು. ಭತ್ತದ ಹೊಲದಲ್ಲಿ 5 ಮೀಟರ್ ಉದ್ದ, 5 ಮೀಟರ್ ಅಗಲದ ತುಂಡು ಅಳೆದು, ಕೊಯ್ದು, ತೂಗುತ್ತಾರೆ. ಇಷ್ಟರಿಂದ ಇಡೀ ಪಂಚಾಯಿತಿಯ ಬೆಳೆ ತಿಳಿದೀತೇ? ಈ ಪ್ರಶ್ನೆಗೆ ಬಾಳನ್ನೇ ಸವೆಸಿದವರಲ್ಲಿ ಪ್ರಶಾಂತ ಚಂದ್ರ ಮಹಲನೋಬಿಸ್ ಪ್ರಮುಖರು.

ಅವರು 1893ರ ಜೂನ್ 29ರಂದು ಕಲ್ಕತ್ತೆಯಲ್ಲಿ ಜನಿಸಿದರು. ಕೇಂಬ್ರಿಜ್‌ನಲ್ಲಿ ಓದಿ ಬಂದು, ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾದರು. 1931ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸ್ಥಾಪಿಸಿದರು.

1937ರಲ್ಲಿ ಬಂಗಾಳದ ಸೆಣಬು ಬೆಳೆಯ ಮಾದರಿ ಸಮೀಕ್ಷೆ ಕೈಗೊಂಡರು. ಎಲ್ಲ ಹೊಲ ಅಳೆಯಲು ಹಣವೂ ಸಾಲದು, ಜನವೂ ಸಾಲದು. ಕೆಲವನ್ನೇ ಆರಿಸಬೇಕು. ಅಕ್ಕಪಕ್ಕದ ಹೊಲಗಳನ್ನು ಆರಿಸಿದರೆ ಓಡಾಟ ಉಳಿಯುತ್ತದೆ, ಆದರೆ ಅಂದಾಜು ಸಡಿಲವಾಗುತ್ತದೆ. ಎಷ್ಟು ಚದುರಿಸಿದರೆ ಎಷ್ಟು ಖರ್ಚು, ಎಷ್ಟು ನಿಖರತೆ ಎಂಬುದನ್ನು ಅವರು ತೂಗಿ ನೋಡಿದರು. ಎರಡು ತಂಡಗಳಿಂದ ಬೇರೆ ಬೇರೆ ಮಾದರಿ ಅಳೆಸಿ, ಒಂದರ ತಪ್ಪನ್ನು ಇನ್ನೊಂದರಿಂದ ಹಿಡಿಯುವ ಪದ್ಧತಿಯನ್ನೂ ತಂದರು.

ನಿಮ್ಮ ಕಾಲುವೆಯನ್ನೇ ನೋಡಿ. ಮೇಲ್ಭಾಗದ ಹೊಲಗಳಿಗೆಲ್ಲ ಒಂದೇ ನೀರು, ಒಂದೇ ಮಣ್ಣು. ಇಳುವರಿಯೂ ಹೆಚ್ಚುಕಡಿಮೆ ಒಂದೇ. ಅಲ್ಲಿಯ 10 ಹೊಲ ಕೊಯ್ದರೂ ಕೊನೆಭಾಗದ ರೈತನ ನಷ್ಟ ಕಾಣದು. ಲೆಕ್ಕ ಹೀಗಿದೆ: ಒಂದು ಗುಂಪಿನ ಹೊಲಗಳ ಹೋಲಿಕೆ ಅರ್ಧದಷ್ಟಿದ್ದರೆ, ಉಳಿದ 9ರ ಅರ್ಧ ನಾಲ್ಕೂವರೆ, ಅದಕ್ಕೆ 1 ಕೂಡಿಸಿದರೆ ಐದೂವರೆ. 10ನ್ನು ಅದರಿಂದ ಭಾಗಿಸಿ. ಆ 10 ಹೊಲಗಳು ಬೇರೆ ಬೇರೆ ಕಡೆಯ 2 ಹೊಲಗಳಷ್ಟೂ ಮಾಹಿತಿ ಕೊಡವು!

1950ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆ ಅವರ ಮುಂದಾಳತ್ವದಲ್ಲಿ ಆರಂಭವಾಯಿತು. ಎರಡನೆಯ ಪಂಚವಾರ್ಷಿಕ ಯೋಜನೆಯ ರೂಪರೇಖೆಯಲ್ಲೂ ಅವರ ಕೈಯಿತ್ತು. 1968ರಲ್ಲಿ ಪದ್ಮವಿಭೂಷಣ ದೊರೆಯಿತು. 1972ರ ಜೂನ್ 28ರಂದು ನಿಧನರಾದರು. 2007ರಿಂದ ಅವರ ಜನ್ಮದಿನವನ್ನು ಸಂಖ್ಯಾಶಾಸ್ತ್ರ ದಿನವಾಗಿ ಆಚರಿಸಲಾಗುತ್ತಿದೆ.

2016ರಲ್ಲಿ ಬಂದ ಫಸಲ್ ಬಿಮಾ ಯೋಜನೆಯಲ್ಲಿ ಮುಖ್ಯ ಬೆಳೆಗೆ ಪಂಚಾಯಿತಿಗೆ ಕನಿಷ್ಠ 4 ಕಟಾವು ಪ್ರಯೋಗಗಳ ನಿಯಮವಿದೆ. ಪರಿಹಾರ ನಿಂತಿರುವುದು ಇಂಥ ಅಂದಾಜಿನ ಮೇಲೆ. ಆದ್ದರಿಂದ ನಿಮ್ಮ ಸರ್ವೆ ನಂಬರು ಆಯ್ಕೆಯಾದರೆ ಮೊದಲೇ ಕೊಯ್ಯಬೇಡಿ. ಬೇರೆ ಹೊಲಕ್ಕೆ ಬದಲಿಸಲು ಒತ್ತಾಯಿಸಬೇಡಿ. ಎದುರಿಗಿದ್ದು ಅಳತೆ, ತೂಕ ನೋಡಿಕೊಳ್ಳಿ. ನಿಮ್ಮ ಒಂದು ತುಂಡು ಊರಿನ ಎಷ್ಟೋ ಹೊಲಗಳ ಪರವಾಗಿ ಲೆಕ್ಕ ಹೇಳುತ್ತದೆ.