ವಿಧವೆಯ ಹೆಸರು ಹೊತ್ತ ಶಾಂಪೇನ್

ಮದುವೆ, ವಿಜಯೋತ್ಸವಗಳಂತಹ ಸಂದರ್ಭಗಳಲ್ಲಿ ಜಗತ್ತಿನ ಹಲವೆಡೆ ತೆರೆಯಲಾಗುವ ಒಂದು ಪ್ರಸಿದ್ಧ ಶಾಂಪೇನ್‌ನ ಹೆಸರು ‘ವವ್ ಕ್ಲಿಕೊ’. ಫ್ರೆಂಚ್ ಭಾಷೆಯಲ್ಲಿ ‘ವವ್’ ಎಂದರೆ ವಿಧವೆ. ಶುಭ ಸಮಾರಂಭದ ಪಾನೀಯಕ್ಕೆ ವಿಧವೆಯ ಹೆಸರು ಅಂಟಿಕೊಂಡ ಹಿನ್ನೆಲೆಯಲ್ಲಿ ಕಾನೂನು, ಯುದ್ಧ ಹಾಗೂ ತಂತ್ರಜ್ಞಾನಗಳು ಸಂಧಿಸಿದ ಒಂದು ಜೀವನಚರಿತ್ರೆಯಿದೆ.

ಬಾರ್ಬ್ ನಿಕೋಲ್ ಪೊನ್ಸಾರ್ಡಿನ್ ಹುಟ್ಟಿದ್ದು 1777ರಲ್ಲಿ, ಫ್ರಾನ್ಸಿನ ರೀಮ್ಸ್ ನಗರದಲ್ಲಿ. ತಂದೆ ಶ್ರೀಮಂತ ಜವಳಿ ಉದ್ಯಮಿ. 1798ರಲ್ಲಿ ಫ್ರಾಂಸ್ವಾ ಕ್ಲಿಕೊ ಎಂಬುವರೊಂದಿಗೆ ವಿವಾಹವಾಯಿತು. 1805ರಲ್ಲಿ ಪತಿ ತೀರಿಕೊಂಡಾಗ ಆಕೆಗೆ 27 ವರ್ಷ. ಮಡಿಲಲ್ಲಿ ಪುಟ್ಟ ಮಗಳು. ಅದರ ಹಿಂದಿನ ವರ್ಷವಷ್ಟೇ ಜಾರಿಗೆ ಬಂದಿದ್ದ ನೆಪೋಲಿಯನ್ನನ ನಾಗರಿಕ ಸಂಹಿತೆಯು ವಿವಾಹಿತ ಸ್ತ್ರೀಯನ್ನು ಪತಿಯ ಅಧೀನಕ್ಕೆ ಒಪ್ಪಿಸಿತ್ತು. ವಿಧವೆಗೆ ಆ ಕಟ್ಟಳೆ ಇರಲಿಲ್ಲ. ಆಕೆ ಸ್ವಂತ ಹೆಸರಿನಲ್ಲಿ ಕರಾರು ಮಾಡಿಕೊಳ್ಳಬಹುದಿತ್ತು. ಪತಿಯನ್ನು ಕಿತ್ತುಕೊಂಡ ವಿಧಿಯೇ ವ್ಯವಹಾರ ಸ್ವಾತಂತ್ರ್ಯವನ್ನೂ ಕೊಟ್ಟಿತು. ಮಾವನ ಮನವೊಲಿಸಿ, ಅನುಭವಿ ಪಾಲುದಾರರೊಬ್ಬರ ಜೊತೆ ನಾಲ್ಕು ವರ್ಷ ಕೆಲಸ ಕಲಿತು, 1810ರಲ್ಲಿ ಆಕೆ ಏಕಾಂಗಿಯಾಗಿ ಸಂಸ್ಥೆಯ ಚುಕ್ಕಾಣಿ ಹಿಡಿದರು.

ಆ ಕಾಲದ ಶಾಂಪೇನ್ ನಷ್ಟಭೀತಿಯ ಸರಕು. ಮೊದಲ ಹುದುಗುವಿಕೆ ಮುಗಿದ ದ್ರಾಕ್ಷಾರಸವನ್ನು ಬಾಟಲಿಗೆ ತುಂಬಿ ಬಿರಡೆ ಹಾಕಿದ ಮೇಲೆ ಒಳಗೇ ಎರಡನೆಯ ಹುದುಗುವಿಕೆ ನಡೆಯುತ್ತದೆ. ಯೀಸ್ಟ್ ಸಕ್ಕರೆಯನ್ನು ಮದ್ಯಸಾರವಾಗಿ ಪರಿವರ್ತಿಸುವಾಗ ಹೊಮ್ಮುವ ಇಂಗಾಲದ ಡೈಆಕ್ಸೈಡ್ ಹೊರಹೋಗಲಾರದೆ ದ್ರವದಲ್ಲೇ ಕರಗುತ್ತದೆ. ಇದೇ ಗುಳ್ಳೆಗಳ ಮೂಲ. ಒಳಗಿನ ಒತ್ತಡ ವಾಯುಮಂಡಲದ ಒತ್ತಡದ ಐದಾರು ಪಟ್ಟು ಏರಬಲ್ಲದು. ಅಂದಿನ ದುರ್ಬಲ ಗಾಜು ನೆಲಮಾಳಿಗೆಯಲ್ಲೇ ಸಿಡಿಯುತ್ತಿತ್ತು. ಉಳಿದ ಬಾಟಲಿಗಳಲ್ಲಿ ಸತ್ತ ಯೀಸ್ಟಿನ ಗಸಿ ಸೇರಿ ದ್ರವ ಮಸುಕಾಗುತ್ತಿತ್ತು. ಗಸಿ ತೆಗೆಯಲು ಮತ್ತೊಂದು ಬಾಟಲಿಗೆ ಬಗ್ಗಿಸಿದರೆ ಗುಳ್ಳೆಗಳೂ ಹೋಗುತ್ತಿದ್ದವು, ಶ್ರಮವೂ ವ್ಯರ್ಥವಾಗುತ್ತಿತ್ತು.

ಇದಕ್ಕೆ ಪರಿಹಾರ ಹೊಳೆದದ್ದು 1816ರ ಸುಮಾರಿಗೆ. ರಂಧ್ರ ಕೊರೆದ ಮೇಜಿನಲ್ಲಿ ಬಾಟಲಿಗಳನ್ನು ತಲೆಕೆಳಗಾಗಿ ನಿಲ್ಲಿಸಿ, ವಾರಗಟ್ಟಲೆ ಸ್ವಲ್ಪಸ್ವಲ್ಪವೇ ತಿರುಗಿಸಿದರೆ ಗಸಿಯೆಲ್ಲ ಕತ್ತಿಗೆ ಜಾರುತ್ತದೆ. ಬಿರಡೆ ತೆಗೆದಾಗ ಒಳಗಿನ ಒತ್ತಡವೇ ಗಸಿಯನ್ನು ಹೊರತಳ್ಳುತ್ತದೆ. ಬಳಿಕ ಸ್ವಲ್ಪ ಸಿಹಿ ಮಿಶ್ರಣ ತುಂಬಿ ಮತ್ತೆ ಬಿರಡೆ ಹಾಕಿದರಾಯಿತು. ಇದರಲ್ಲಿ ಆಕೆಯ ನೆಲಮಾಳಿಗೆಯ ಮುಖ್ಯಸ್ಥ ಮ್ಯೂಲರ್ ಅವರ ಪಾಲೂ ಇತ್ತು. ಅರ್ಥಶಾಸ್ತ್ರದ ದೃಷ್ಟಿಯಿಂದ ಇದು ಹೊಸ ಸರಕಿನ ಆವಿಷ್ಕಾರವಲ್ಲ, ಉತ್ಪಾದನಾ ವಿಧಾನದ ಸುಧಾರಣೆ. ಅರಮನೆಗಳಿಗಷ್ಟೇ ಸಲ್ಲುತ್ತಿದ್ದ ಪಾನೀಯ ದೊಡ್ಡ ಪ್ರಮಾಣದ ಉದ್ದಿಮೆಯಾಗಿ ಬೆಳೆಯಲು ಇಂತಹ ಸುಧಾರಣೆಗಳೇ ಕಾರಣ. ಇಂದು ಬಾಟಲಿ ತಿರುಗಿಸುವ ಕೆಲಸವನ್ನು ಬಹುಪಾಲು ಯಂತ್ರಗಳು ಮಾಡುತ್ತವೆ; ತತ್ವ ಬದಲಾಗಿಲ್ಲ.

ಮಾರುಕಟ್ಟೆ ದಕ್ಕಿದ್ದು ಅದಕ್ಕೂ ಮುನ್ನ. ನೆಪೋಲಿಯನ್ನನ ಯುದ್ಧಗಳಿಂದ ರಫ್ತು ಕುಸಿದು ಸಂಸ್ಥೆ ಮುಳುಗುವಂತಿತ್ತು. 1814ರಲ್ಲಿ ಶಾಂತಿ ಮರಳುತ್ತಿದ್ದಂತೆ, ಪ್ರತಿಸ್ಪರ್ಧಿಗಳು ಎಚ್ಚರಗೊಳ್ಳುವ ಮೊದಲೇ ಆಕೆ 10,550 ಬಾಟಲಿಗಳನ್ನು ಹಡಗಿನಲ್ಲಿ ಕೋನಿಗ್ಸ್‌ಬರ್ಗಿಗೆ ಗುಟ್ಟಾಗಿ ಕಳುಹಿಸಿದರು. ಹಡಗು ಸಿಕ್ಕಿಬಿದ್ದಿದ್ದರೆ ಎಲ್ಲವೂ ಹೋಗುತ್ತಿತ್ತು. ಹಾಗಾಗಲಿಲ್ಲ. 1811ರ ಧೂಮಕೇತು ವರ್ಷದ ಆ ದ್ರಾಕ್ಷಾರಸಕ್ಕೆ ರಷ್ಯನ್ನರು ಮನಸೋತರು.

ಆದರೂ ಈ ಕಥೆಗೆ ಇನ್ನೊಂದು ಮುಖವಿದೆ. ಮಗಳು ಕ್ಲೆಮೆಂಟಿನ್‌ಳನ್ನು ಆಕೆ ಕೌಂಟ್ ಒಬ್ಬರಿಗೆ ಮದುವೆ ಮಾಡಿಕೊಟ್ಟರು. ಉದ್ಯಮ ಮಾತ್ರ ಪಾಲುದಾರ ಎಡ್ವರ್ಡ್ ವೆರ್ಲೆ ಅವರ ಕೈ ಸೇರಿತು. 1866ರಲ್ಲಿ, 88ನೆಯ ವಯಸ್ಸಿನಲ್ಲಿ ಆಕೆ ತೀರಿಕೊಂಡಾಗಲೂ ಫ್ರಾನ್ಸಿನ ವಿವಾಹಿತೆಗೆ ಸ್ವಂತ ವ್ಯವಹಾರದ ಹಕ್ಕು ದೊರೆತಿರಲಿಲ್ಲ. ಪತಿಯ ಅನುಮತಿಯಿಲ್ಲದೆ ಬ್ಯಾಂಕ್ ಖಾತೆ ತೆರೆಯುವ, ಉದ್ಯೋಗಕ್ಕೆ ಸೇರುವ ಅಧಿಕಾರ ಆಕೆಗೆ ಸಿಕ್ಕಿದ್ದು 1965ರ ಶಾಸನದಿಂದ. ಒಬ್ಬ ಅಸಾಧಾರಣ ಮಹಿಳೆಯ ಯಶಸ್ಸು ಕಾನೂನಿನ ಲೋಪವನ್ನು ತಾನಾಗಿ ಸರಿಪಡಿಸುವುದಿಲ್ಲ. ಎಷ್ಟು ಮಂದಿ ಬಾರ್ಬ್ ನಿಕೋಲರ ಸಾಮರ್ಥ್ಯವು, ಪತಿ ಬದುಕಿದ್ದ ಒಂದೇ ಕಾರಣಕ್ಕೆ, ಲೆಕ್ಕಕ್ಕೆ ಬಾರದೆ ಹೋಯಿತೆಂಬುದನ್ನು ಯಾವ ಅಂಕಿಅಂಶವೂ ಹೇಳಲಾರದು.